ಅತ್ತೆಯ ಅಳತೆ ಇಲ್ಲದ ಸಿಹಿ

ನಮ್ಮ ಮನೆಯ ಅಡುಗೆಗಳಿಗೆಲ್ಲ ಒಬ್ಬೊಬ್ಬ ಹಿರಿಯರಿದ್ದಾರೆ. ಬಿರಿಯಾನಿ ನಮ್ಮ ಅತ್ತೆಯದು. ಶೀರ್ ಖುರ್ಮಾ ಅತ್ತೆಯ ಅತ್ತೆಯದು. ದಾಲ್ಚಾ ನನ್ನ ಅಮ್ಮಿಯದು, ಅದನ್ನು ಅವರು ತಮ್ಮ ನಾನಿಯಿಂದ ಕಲಿತದ್ದು. ನಾನು ಮದುವೆಯಾಗಿ ಈ ಮನೆಗೆ ಬಂದು ಇಪ್ಪತ್ತನಾಲ್ಕು ವರ್ಷವಾಯಿತು. ಇಂದಿಗೂ ಈದ್‌ನ ಬೆಳಿಗ್ಗೆ ಶೀರ್ ಖುರ್ಮಾದ ಮೊದಲ ಚಮಚ ಬಾಯಿಗಿಟ್ಟವರು ಅರೆಗಳಿಗೆ ಕಣ್ಣು ಮುಚ್ಚಿ ಯಾರನ್ನೋ ನೆನೆಯುತ್ತಾರೆ. ಆಮೇಲೆ, "ಚೆನ್ನಾಗಿದೆ, ಆದರೆ ಅಮ್ಮನ ಕೈಯದು..." ಎಂದು ಅರ್ಧಕ್ಕೆ ನಿಲ್ಲಿಸುತ್ತಾರೆ. ಉಳಿದ ಅರ್ಧವನ್ನು ಯಾವ ಮನೆಯ ಸೊಸೆಯಾದರೂ ತಾನೇ ತುಂಬಿಕೊಳ್ಳಬಲ್ಲಳು.

ಚಾಕಲೇಟ್ ಕೇಕು ಮಾಡಿದ ದಿನ ಮಾತ್ರ ಯಾರೂ ಹೀಗೆ ಕಣ್ಣು ಮುಚ್ಚುವುದಿಲ್ಲ. ಏಕೆಂದರೆ ನನ್ನ ತವರಿನಲ್ಲಾಗಲಿ ಈ ಮನೆಯಲ್ಲಾಗಲಿ ನನಗಿಂತ ಮೊದಲು ಅದನ್ನು ಮಾಡಿದವರೇ ಇಲ್ಲ. ಅದಕ್ಕೆ ಅತ್ತೆಯ ಅಳತೆ ಇಲ್ಲ, ನಾನಿಯ ಗುಟ್ಟು ಇಲ್ಲ. ಉಬ್ಬಿದರೂ ನನ್ನದು, ಕುಸಿದರೂ ನನ್ನದು. ಹದಿನೈದು ವರ್ಷಗಳಿಂದ ಮನೆಯವರಿಗೂ ಸ್ನೇಹಿತರಿಗೂ ಚಾಕಲೇಟಿನ ಸಿಹಿಗಳನ್ನು ಮಾಡುತ್ತ ಬಂದಿದ್ದೇನೆ. ಕೇಕು, ಬ್ರೌನಿ, ಪುಡಿಂಗು, ಚಳಿಗಾಲದಲ್ಲಿ ಖರ್ಜೂರ ತುಂಬಿದ ಚಾಕಲೇಟು. ಕಥೆ ಬರೆಯುವವಳಿಗೆ ಇದೇನು ಹುಚ್ಚು ಎಂದು ಕೇಳಿದವರಿದ್ದಾರೆ. ಹುಚ್ಚೇ ಇರಬಹುದು. ಆದರೆ ಹಿರಿಯರಿಲ್ಲದ ತಿನಿಸೊಂದು ಹೆಣ್ಣಿನ ಅಡುಗೆಮನೆಗೆ ಬಂದರೆ ಅಲ್ಲಿ ಏನೇನು ಬದಲಾಗುತ್ತದೆ ಎಂಬುದನ್ನು ನಾನು ಈ ಹುಚ್ಚಿನಿಂದಲೇ ಕಂಡೆ. ಅದನ್ನಿಷ್ಟು ಹೇಳಬೇಕೆನಿಸಿದೆ.

ಹಾಗೆಂದು ಭಟ್ಟಿಯ ತಿನಿಸು ನಮಗೆ ಹೊಸದಲ್ಲ. ನಾನು ಚಿಕ್ಕವಳಿದ್ದಾಗ ಶಿವಮೊಗ್ಗದ ನಮ್ಮ ಮೊಹಲ್ಲಾದಲ್ಲಿ ರಂಜಾನಿನ ಕೊನೆಯ ವಾರ ಬಂತೆಂದರೆ ಅಮ್ಮಿ ಮೈದಾ, ಸಕ್ಕರೆ, ಡಾಲ್ಡಾ ತೂಗಿಸಿ ಚೀಲಕ್ಕೆ ತುಂಬುತ್ತಿದ್ದರು. ಅದನ್ನು ಹೊತ್ತು ನಾನೂ ನನ್ನ ತಮ್ಮನೂ ಬೇಕರಿಗೆ ಹೋಗುತ್ತಿದ್ದೆವು. ಬೇಕರಿಯವರ ಬ್ರೆಡ್ಡು ಬೆಂದು ಮುಗಿದ ಮೇಲೆ ಉಳಿದ ಬಿಸಿಯಲ್ಲಿ ಊರಿನವರ ನಾನ್‌ಖಟಾಯಿಗಳ ಸರದಿ. ಭಟ್ಟಿಯ ಮುಂದೆ ಬನಿಯನ್ನು ತೊಟ್ಟ ಉಸ್ತಾದರು ಉದ್ದನೆಯ ಮರದ ಹಿಡಿಕೆಯಿಂದ ತಗಡುಗಳನ್ನು ಒಳಗೆ ತಳ್ಳುತ್ತಿದ್ದರು, ಹೊರಗೆ ಎಳೆಯುತ್ತಿದ್ದರು. ತಗಡಿನ ಮೂಲೆಯಲ್ಲಿ ಅಬ್ಬಾನ ಹೆಸರು ಬರೆದ ಚೀಟಿ. ಕಿಲೋಗೆ ಇಷ್ಟು ಕೂಲಿ ಎಂದು ಕೊಟ್ಟು, ಬೆಚ್ಚಗಿನ ಡಬ್ಬವನ್ನು ಎದೆಗವಚಿಕೊಂಡು ಮನೆಗೆ ಬರುತ್ತಿದ್ದೆವು. ನನಗೆ ಹನ್ನೆರಡು ತುಂಬಿದ ಮೇಲೆ ತಮ್ಮ ಒಬ್ಬನೇ ಹೋದ. ಹಿಟ್ಟು ಕಲಸುವುದು ಹೆಂಗಸರ ಕೆಲಸ, ಭಟ್ಟಿಯ ಮುಂದೆ ನಿಲ್ಲುವುದು ಗಂಡಸರ ಕೆಲಸ ಎಂಬ ಹಂಚಿಕೆ ಯಾರೂ ಬಾಯಿಬಿಟ್ಟು ಹೇಳದೆಯೇ ನಮ್ಮಲ್ಲಿ ನಡೆದುಕೊಂಡು ಬಂದಿತ್ತು. ಅಮ್ಮಿ ತಮ್ಮ ಜೀವಮಾನದಲ್ಲಿ ಒಂದು ಸಲವೂ ತಾವು ಕಲಸಿದ ನಾನ್‌ಖಟಾಯಿ ಬೇಯುವುದನ್ನು ಕಂಡವರಲ್ಲ.

ಆ ಬೆಂಕಿಯನ್ನು ಮನೆಯೊಳಕ್ಕೆ ತಂದದ್ದು ಪ್ರೆಷರ್ ಕುಕ್ಕರು. ತೊಳೆದು ಒಣಗಿಸಿದ ಮರಳನ್ನು ತಳದಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಬೇಕು. ಗ್ಯಾಸ್ಕೆಟ್ಟು, ಸೀಟಿ ಎರಡನ್ನೂ ತೆಗೆದಿಡಬೇಕು. ಹತ್ತು ನಿಮಿಷ ಮರಳು ಕಾದ ಮೇಲೆ ಒಂದು ತಟ್ಟೆ ಬೋರಲು ಹಾಕಿ, ಅದರ ಮೇಲೆ ಹಿಟ್ಟಿನ ಪಾತ್ರೆಯಿಟ್ಟು, ಮುಚ್ಚಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬಿಡಬೇಕು. ಮರಳಿಗೆ ಬದಲು ಕಲ್ಲುಪ್ಪೂ ಆದೀತು. ನಮ್ಮವರು ಕೆಂಡವನ್ನು ಕೆಳಗೂ ಮುಚ್ಚಳದ ಮೇಲೂ ಇಟ್ಟು 'ದಮ್' ಕೊಡುವುದನ್ನು ಕಂಡವಳಿಗೆ ಇದು ಕಷ್ಟದ ವಿದ್ಯೆಯಲ್ಲ. ಮುಂದೆ ಒಂದು ಕಥೆಗೆ ಬಂದ ಬಹುಮಾನದ ಹಣದಲ್ಲಿ ಸಣ್ಣದೊಂದು ಓವನ್ನು ಕೊಂಡೆ. ಮನೆಗೆ ನನ್ನ ದುಡ್ಡಿನಲ್ಲಿ ಬಂದ ಮೊದಲ ದೊಡ್ಡ ಸಾಮಾನು ಅದು.

ನನ್ನ ಹತ್ತಿರ ಇನ್ನೂರು ಪುಟದ ಒಂದು ನೋಟು ಪುಸ್ತಕವಿದೆ. ಏಳನೆಯ ತರಗತಿಯವರೆಗೆ ನಾನು ಉರ್ದು ಶಾಲೆಯಲ್ಲಿ ಕಲಿತೆ, ಎಂಟರಿಂದ ಕನ್ನಡ ಶಾಲೆಯಲ್ಲಿ. ಉರ್ದು ಬಲದಿಂದ ಎಡಕ್ಕೆ, ಕನ್ನಡ ಎಡದಿಂದ ಬಲಕ್ಕೆ. ಹಾಗಾಗಿ ನನ್ನ ಪುಸ್ತಕಕ್ಕೆ ಎರಡು ಮೊದಲ ಪುಟಗಳು. ಉರ್ದುವಿನ ಕಡೆಯಿಂದ ಅಮ್ಮಿ ಹೇಳಿ ಬರೆಸಿದ ಅಡುಗೆಗಳು: ಅಲ್ಲಿ ಅಳತೆಗಳೆಲ್ಲ 'ಒಂದು ಹಿಡಿ', 'ಅಂದಾಜಿನಂತೆ', 'ಬಣ್ಣ ತಿರುಗುವ ತನಕ'. ಕನ್ನಡದ ಕಡೆಯಿಂದ ಪತ್ರಿಕೆಗಳ ಪುರವಣಿಗಳಿಂದ ಇಳಿಸಿಕೊಂಡ ಕೇಕುಗಳು: ಅಲ್ಲಿ ಗ್ರಾಮು, ಚಮಚ, ನಿಮಿಷ. ಎರಡೂ ಕಡೆಯ ಬರಹ ವರ್ಷದಿಂದ ವರ್ಷಕ್ಕೆ ನಡುವಿನ ಕಡೆಗೆ ಬರುತ್ತಿದೆ. ಈಗ ಮಧ್ಯದಲ್ಲಿ ಹತ್ತು ಹನ್ನೆರಡು ಖಾಲಿ ಹಾಳೆ ಉಳಿದಿವೆ.

ಚಾಕಲೇಟು ಎಂದರೆ ವಿಲಾಯತಿಯ ಪದಾರ್ಥ ಎಂದೇ ನಾನೂ ಬಹಳ ಕಾಲ ತಿಳಿದಿದ್ದೆ. ಕಾಲೇಜಿನ ಗೆಳತಿಯೊಬ್ಬಳು ಪುತ್ತೂರಿನ ಕಡೆಯ ತನ್ನ ತೋಟಕ್ಕೆ ಕರೆದೊಯ್ದ ಮೇಲೆ ಆ ತಿಳಿವಳಿಕೆ ಹೋಯಿತು. ಅಡಿಕೆ ಮರಗಳ ನೆರಳಿನಲ್ಲಿ ಕೊಕ್ಕೋ ಗಿಡಗಳಿದ್ದವು. ಹಲಸಿನ ಹಾಗೆ ಹಣ್ಣು ಕಾಂಡಕ್ಕೇ ಅಂಟಿಕೊಂಡಿತ್ತು. ಗೆಳತಿ ಹಳದಿಯಾದ ಒಂದನ್ನು ಕಲ್ಲಿಗೆ ಬಡಿದು ಒಡೆದಳು. ಒಳಗೆ ಬಿಳಿಯ ತಿರುಳು ಹೊದ್ದ ಬೀಜಗಳ ಗೊಂಚಲು. ತಿರುಳು ಚೀಪಿದರೆ ಸೀತಾಫಲವನ್ನು ನೆನಪಿಸುವ ಹುಳಿ ಬೆರೆತ ಸಿಹಿ. ಬೀಜ ಕಚ್ಚಿದರೆ ಬರೀ ಕಹಿ, ಬರೀ ಒಗರು. ಚಾಕಲೇಟಿನ ಪರಿಮಳ ಅದರಲ್ಲಿ ಎಲ್ಲಿಯೂ ಇಲ್ಲ. ಬೀಜಗಳನ್ನು ತಿರುಳಿನ ಸಮೇತ ರಾಶಿ ಹಾಕಿ ಐದಾರು ದಿನ ಹುಳಿಯಲು ಬಿಟ್ಟು, ಬಿಸಿಲಿಗೆ ಒಣಗಿಸಿ, ಹುರಿದ ಮೇಲೆಯೇ ಆ ಪರಿಮಳ ಹುಟ್ಟುವುದು. ಕಹಿಯನ್ನು ಕೊಳೆಯಿಸಿ, ಒಣಗಿಸಿ, ಸುಟ್ಟು ಸುವಾಸನೆ ಮಾಡುವ ಈ ಉಪಾಯವನ್ನು ಮೊದಲು ಕಂಡುಕೊಂಡವರು ಮೆಕ್ಸಿಕೋ ಮತ್ತು ಅದರ ಸುತ್ತಲಿನ ಸೀಮೆಗಳ ಮೂಲನಿವಾಸಿಗಳು. ಅವರು ಅದನ್ನು ಕುಡಿಯುತ್ತಿದ್ದರು, ಅದೂ ಸಕ್ಕರೆಯಿಲ್ಲದೆ. ಬೀಜದ ತೂಕದಲ್ಲಿ ಸುಮಾರು ಅರ್ಧದಷ್ಟು ಕೊಬ್ಬು. 1828ರಲ್ಲಿ ಹಾಲೆಂಡಿನ ವಾನ್ ಹೌಟೆನ್ ಮನೆತನದವರು ಈ ಕೊಬ್ಬನ್ನು ಹಿಂಡಿ ತೆಗೆಯುವ ಯಂತ್ರಕ್ಕೆ ಹಕ್ಕುಪತ್ರ ಪಡೆದರು. ಹಿಂಡಿದ ಮೇಲೆ ಉಳಿದ ಹಿಂಡಿಯನ್ನು ಕುಟ್ಟಿದರೆ ಸಿಗುವುದೇ ನಾವು ಡಬ್ಬದಲ್ಲಿ ಕೊಳ್ಳುವ ಕೊಕ್ಕೋ ಪುಡಿ.

ಗೆಳತಿಯ ತಂದೆ ಆ ಗಿಡಗಳ ಕಥೆ ಹೇಳಿದರು. 1970ರ ದಶಕದಲ್ಲಿ ಅಡಿಕೆಯ ನಡುವೆ ಕೊಕ್ಕೋ ಹಾಕಿ ಎಂದು ಬೆಳೆಗಾರರಿಗೆ ಉತ್ತೇಜನ ಸಿಕ್ಕಿತು. 1980ರ ಸುಮಾರಿಗೆ ಬೆಲೆ ಬಿದ್ದು, ಕೊಳ್ಳುವವರು ಹಿಂದೆ ಸರಿದು, ಎಷ್ಟೋ ಜನ ಗಿಡ ಕಡಿಯಲು ಹೊರಟರು. ಆಗ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ್ದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟಿನ ಕಾರ್ಖಾನೆಯನ್ನೇ ತೆರೆಯಿತು. ಅಂದಿನಿಂದ ನನ್ನ ಕೇಕಿನೊಳಗೆ ನಮ್ಮದೇ ಕರಾವಳಿಯ ತೋಟವೊಂದು ಇದೆ ಎಂದುಕೊಳ್ಳುವುದು ನನಗೆ ಇಷ್ಟವಾಯಿತು. ಕೊಕ್ಕೋ ಕೊಬ್ಬು ಸುಮಾರು 34 ಡಿಗ್ರಿಗೆ ಕರಗುತ್ತದೆ, ನಮ್ಮ ಮೈಯ ಬಿಸಿಗಿಂತ ತುಸು ಕೆಳಗೆ. ಒಳ್ಳೆಯ ಚಾಕಲೇಟು ಹಲ್ಲಿಗೆ ಕೆಲಸ ಕೊಡದೆ ನಾಲಿಗೆಯ ಮೇಲೆ ಕರಗುವುದು ಇದರಿಂದಲೇ. ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ 'ಕಾಂಪೌಂಡ್' ಗಟ್ಟಿಯಲ್ಲಿ ಈ ಕೊಬ್ಬಿನ ಜಾಗದಲ್ಲಿ ಬೇರೆ ಸಸ್ಯದ ಕೊಬ್ಬು ಇರುತ್ತದೆ. ಅದು ಬಾಯಲ್ಲಿ ಮೇಣದಂತೆ ಉಳಿಯುತ್ತದೆ. ಕೊಳ್ಳುವ ಮುನ್ನ ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರ ಓದುವುದು ಒಳ್ಳೆಯದು.

ಇನ್ನು ತಿನ್ನುವವರ ಮಾತು.

ನಮ್ಮ ಪಕ್ಕದ ಮನೆಯವರು ಲಿಂಗಾಯತರು. ಯುಗಾದಿಗೆ ಹೋಳಿಗೆ, ಸಂಕ್ರಾಂತಿಗೆ ಎಳ್ಳುಬೆಲ್ಲ, ನಾಗರಪಂಚಮಿಗೆ ಉಂಡೆ ಅವರ ಮನೆಯಿಂದ ನಮ್ಮ ಮನೆಗೆ ತಪ್ಪದೆ ಬರುತ್ತವೆ. ಈದ್‌ಗೆ ನಮ್ಮ ಮನೆಯಿಂದ ಅವರಿಗೆ ಹೋಗುತ್ತಿದ್ದದ್ದು ಹಸಿ ಸಾಮಾನು: ಶಾವಿಗೆ, ಸಕ್ಕರೆ, ದ್ರಾಕ್ಷಿ, ಗೋಡಂಬಿ. ಇದು ನಮ್ಮ ಅತ್ತೆಯ ಕಾಲದಿಂದ ಬಂದ ರೂಢಿ. ಇದರಲ್ಲಿ ಯಾರಿಗೂ ಬೇಸರವಿರಲಿಲ್ಲ. ಆದರೂ ಬೇಯಿಸಿದ್ದು ಆ ಕಡೆಯಿಂದ, ಹಸಿಯದ್ದು ಈ ಕಡೆಯಿಂದ ಎಂಬುದು ನನ್ನ ಮನಸ್ಸಿನಲ್ಲಿ ಕೂತಿತ್ತು. ಒಮ್ಮೆ ಆ ಮನೆಯ ಅಕ್ಕ, "ಏನಮ್ಮಾ, ಚಾಕಲೇಟಿನ ವಾಸನೆ ಗೋಡೆ ಹಾರಿ ಬರ್ತದೆ, ನಮ್ಮ ಹುಡುಗ ಓದೋಕೇ ಕೂರಲ್ಲ" ಎಂದರು. ನಗುತ್ತ ಅಂದದ್ದೇ. ನಾನು ಆ ಮಾತನ್ನು ಹಿಡಿದುಕೊಂಡೆ.

ಮೊಟ್ಟೆಯಿಲ್ಲದ ಕೇಕು ಮಾಡುವುದಾದರೆ ಮೊಟ್ಟೆ ಏನು ಮಾಡುತ್ತದೆ ಎಂದು ತಿಳಿಯಬೇಕು. ಅದು ಹಿಟ್ಟನ್ನು ಕಟ್ಟಿ ಹಿಡಿಯುತ್ತದೆ, ಗಾಳಿಯನ್ನು ಒಳಗೆ ಕೂಡಿಸುತ್ತದೆ. ಗಾಳಿಯ ಕೆಲಸವನ್ನು ಅಡುಗೆ ಸೋಡಾ ಮತ್ತು ಹುಳಿ ಸೇರಿ ಮಾಡಬಲ್ಲವು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಮೊಟ್ಟೆ, ಹಾಲು, ಬೆಣ್ಣೆ ಕೊಳ್ಳಲಾಗದ ಅಮೆರಿಕದ ಗೃಹಿಣಿಯರು ಹೀಗೆಯೇ ಮಾಡಿಕೊಂಡರು. ಒಂದೂವರೆ ಕಪ್ ಮೈದಾ, ಒಂದು ಕಪ್ ಸಕ್ಕರೆ, ಕಾಲು ಕಪ್ ಕೊಕ್ಕೋ, ಒಂದು ಸಣ್ಣ ಚಮಚ ಸೋಡಾ, ಅರ್ಧ ಸಣ್ಣ ಚಮಚ ಉಪ್ಪು. ಇದಕ್ಕೆ ಕಪ್ಪಿನ ಮೂರನೆಯ ಒಂದು ಭಾಗ ಎಣ್ಣೆ, ಒಂದು ದೊಡ್ಡ ಚಮಚ ವಿನೆಗರ್, ಒಂದು ಕಪ್ ನೀರು. ಸೋಡಾ ಹುಳಿಯನ್ನು ಮುಟ್ಟಿದ ಕೂಡಲೇ ನೊರೆಯೇಳುತ್ತದೆ, ಆದ್ದರಿಂದ ಕಲಸಿದ ಮೇಲೆ ತಡಮಾಡದೆ ಬೆಂಕಿಗೆ ಇಡಬೇಕು. ಇದಕ್ಕೆಂದೇ ಹೊಸ ಪಾತ್ರೆ, ಹೊಸ ಮರದ ಚಮಚ ತಂದು ಬೇರೆ ಇಟ್ಟೆ. ಅಕ್ಕನನ್ನು ಅಡುಗೆಮನೆಗೇ ಕರೆದು ಅವರ ಕಣ್ಣೆದುರಿಗೇ ಕಲಸಿದೆ.

ಅಕ್ಕ ತಿಂದರು, ಅವರ ಯಜಮಾನರು ತಿಂದರು, ಹುಡುಗ ಪಾತ್ರೆ ಬಳಿದ. ಅವರ ಮನೆಯ ಅಜ್ಜಿ ಮಾತ್ರ ತಿನ್ನಲಿಲ್ಲ. ಕೊನೆಯವರೆಗೂ ತಿನ್ನಲಿಲ್ಲ. ಆದರೆ ಪ್ರತಿ ಸಲವೂ ಗೋಡೆಯ ಆಚೆಯಿಂದ, "ಏನವ್ವಾ, ಈ ಸಲ ಚೆಂದ ಉಬ್ಬಿತಾ?" ಎಂದು ಕೇಳುತ್ತಿದ್ದರು. ಕೊಟ್ಟ ಡಬ್ಬಿಯನ್ನು ಬರಿದು ಮಾಡಿ ಕಳಿಸಬಾರದೆಂದು ಅದರ ತುಂಬ ಗಟ್ಟಿ ಮೊಸರು ಹಾಕಿ ಕಳಿಸುತ್ತಿದ್ದರು. ವಿನೆಗರಿನ ಬದಲು ನಾನು ಆ ಮೊಸರನ್ನೇ ಕಡೆದು ಮುಂದಿನ ಕೇಕಿಗೆ ಹಾಕತೊಡಗಿದೆ. ಕೇಕು ಇನ್ನಷ್ಟು ಮೆತ್ತಗಾಯಿತು. ತಾವು ತಿನ್ನದ ಕೇಕಿಗೆ ಅಜ್ಜಿ ವರ್ಷಗಟ್ಟಲೆ ಮೊಸರು ಕೊಟ್ಟರು. ಅವರು ತೀರಿಕೊಂಡು ಮೂರು ವರ್ಷವಾಯಿತು. ನನ್ನ ನೋಟು ಪುಸ್ತಕದಲ್ಲಿ ಆ ಕೇಕಿಗೆ 'ಅಜ್ಜಿಯ ಮೊಸರಿನದು' ಎಂದೇ ಹೆಸರು.

ನನ್ನ ಮೈದುನ ಧಾರ್ಮಿಕ ಶಿಸ್ತಿನವನು. "ಭಾಭಿ, ಇದರಲ್ಲಿ ವೆನಿಲಾ ಇದೆಯಾ?" ಎಂದು ಕೇಳಿಯೇ ತಟ್ಟೆ ತೆಗೆದುಕೊಳ್ಳುವವನು. ಶುದ್ಧ ವೆನಿಲಾ ಸಾರವನ್ನು ಮದ್ಯಸಾರದಲ್ಲಿ ಇಳಿಸುತ್ತಾರೆ ಎಂಬುದು ಅವನ ಸಂಕೋಚ. ಬೇಯುವಾಗ ಬಹುಪಾಲು ಹಾರಿಹೋಗುತ್ತದೆಂದು ವಾದ ಮಾಡಬಹುದಿತ್ತು. ವಾದ ಗೆದ್ದು ಕೇಕು ಉಳಿಸಿಕೊಂಡು ಏನು ಮಾಡುವುದು? ವೆನಿಲಾದ ಬದಲು ಎರಡು ಚಮಚ ಗಟ್ಟಿ ಕಾಫಿ ಡಿಕಾಕ್ಷನ್ ಹಾಕಿದೆ. ಕಾಫಿ ತನ್ನ ರುಚಿಯನ್ನು ತೋರಿಸಿಕೊಳ್ಳದೆ ಚಾಕಲೇಟಿನ ರುಚಿಯನ್ನು ಗಾಢ ಮಾಡುತ್ತದೆ. ಈಗ ಮನೆಯವರೆಲ್ಲ ಅದನ್ನೇ ಬಯಸುತ್ತಾರೆ.

ಪುಡಿಂಗಿನ ವಿಷಯ ಇನ್ನೂ ಸ್ವಾರಸ್ಯದ್ದು. ಪುಸ್ತಕಗಳು ಜೆಲಟಿನ್ ಹಾಕಿ ಎನ್ನುತ್ತವೆ. ಅದು ಪ್ರಾಣಿಗಳ ಚರ್ಮ, ಮೂಳೆಗಳಿಂದ ತೆಗೆಯುವಂಥದ್ದು. ಪಕ್ಕದ ಮನೆಯವರಿಗೆ ಯಾವುದೇ ಪ್ರಾಣಿಯದಾದರೂ ಬೇಡ, ನಮಗೆ ಯಾವ ಪ್ರಾಣಿಯದೆಂದು ಗೊತ್ತಾಗುವವರೆಗೆ ಬೇಡ. ಎರಡು ಮನೆಗಳ ಎರಡು ಕಾರಣಗಳಿಗೆ ಉತ್ತರ ನಮ್ಮ ರಂಜಾನಿನ ಅಡುಗೆಮನೆಯಲ್ಲೇ ಇತ್ತು. ಇಫ್ತಾರಿಗೆ ಹಾಲಿನಲ್ಲಿ ಕುದಿಸಿ ತಟ್ಟೆಗೆ ಸುರಿಯುವ ಚೈನಾಗ್ರಾಸ್ ಕಡಲ ಪಾಚಿಯಿಂದ ಬಂದದ್ದು. ಅರ್ಧ ಲೀಟರ್ ಹಾಲಿಗೆ 5 ಗ್ರಾಂ ಚೈನಾಗ್ರಾಸ್ ನೆನೆಸಿ ಕರಗಿಸಿ, ಮೂರು ಚಮಚ ಕೊಕ್ಕೋ, ಬೇಕಾದಷ್ಟು ಸಕ್ಕರೆ ಸೇರಿಸಿದರೆ ಸಾಕು. ಜೆಲಟಿನ್ನಿಗೆ ಫ್ರಿಜ್ಜಿನ ತಂಪು ಬೇಕು, ಇದು ಕರೆಂಟು ಹೋದ ದಿನವೂ ಮೇಜಿನ ಮೇಲೆಯೇ ಗಟ್ಟಿಯಾಗುತ್ತದೆ.

ಅಮ್ಮಿಯದೇ ಕಷ್ಟದ ಲೆಕ್ಕ. ಅವರಿಗೆ ಸಕ್ಕರೆ ಕಾಯಿಲೆ ಬಂದು ಹನ್ನೆರಡು ವರ್ಷ. ಸಕ್ಕರೆಯ ಬದಲು ಖರ್ಜೂರ ಹಾಕು, ಬೆಲ್ಲ ಹಾಕು ಎನ್ನುವವರಿದ್ದಾರೆ. ರಕ್ತಕ್ಕೆ ಸೇರಿದ ಮೇಲೆ ಅವೂ ಸಕ್ಕರೆಯೇ. ಹಾಗಾಗಿ ಅವರಿಗೆಂದು ಕೊಕ್ಕೋ ಹೆಚ್ಚಿಸಿ, ಸಕ್ಕರೆ ಮೂರನೆಯ ಒಂದು ಭಾಗಕ್ಕೆ ಇಳಿಸಿ, ಬಾದಾಮಿ ಪುಡಿ ಬೆರೆಸಿ ಕಹಿಯಾದ ಒಂದು ಸಣ್ಣ ಕೇಕು ಮಾಡುತ್ತೇನೆ. ಅದರಲ್ಲೂ ಬೆರಳಗಲದ ಒಂದು ತುಂಡು ಮಾತ್ರ. ಆ ತುಂಡನ್ನು ಕೈಯಲ್ಲಿ ಹಿಡಿದು ಅವರು, "ಇಷ್ಟೇನಾ? ಇದು ಇರುವೆಗಾ ನನಗಾ?" ಎನ್ನುತ್ತಾರೆ. ನಾನು ಬಗ್ಗುವುದಿಲ್ಲ. ಆದರೆ ಕತ್ತರಿಸಿದ ಮೊದಲ ತುಂಡು ಯಾವಾಗಲೂ ಅವರಿಗೇ.

ಇದು ಸಣ್ಣ ಮಾತಲ್ಲ. ಅಮ್ಮಿ ಬದುಕಿನುದ್ದಕ್ಕೂ ಕೊನೆಗೆ ಉಂಡವರು. ರೊಟ್ಟಿ ಬಿಸಿಯಾಗಿರಬೇಕು, ಆದ್ದರಿಂದ ಸುಡುವವಳು ಒಲೆಯ ಮುಂದೆಯೇ ಇರಬೇಕು. ದೋಸೆ, ಪೂರಿ, ಕಬಾಬು ಎಲ್ಲದರದೂ ಇದೇ ಕಥೆ. ಉಣ್ಣುವವರ ನಗು, ಮಾತು ಹೊರಗಿನ ಕೋಣೆಯಿಂದ ಅಡುಗೆಮನೆಗೆ ಕೇಳಿಸುತ್ತದೆ. ಎಲ್ಲರೂ ಕೈ ತೊಳೆದ ಮೇಲೆ ಅವಳಿಗೆ ಉಳಿಯುವುದು ತಳದ ಖುರ್ಚನ್. ಅದೇ ರುಚಿ ಎಂದು ಹೇಳಿಕೊಳ್ಳುವುದನ್ನು ನಮ್ಮ ತಾಯಂದಿರು ಚೆನ್ನಾಗಿ ಕಲಿತಿದ್ದರು. ಕೇಕಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಅದು ಆರಬೇಕು. ಬಿಸಿಯಿರುವಾಗ ಕತ್ತರಿಸಿದರೆ ಪುಡಿಯಾಗುತ್ತದೆ. ಪುಡಿಂಗು ಗಟ್ಟಿಯಾಗಬೇಕು. ಬ್ರೌನಿ ಮರುದಿನ ಇನ್ನೂ ರುಚಿ. ಅತಿಥಿಗಳು ಬರುವ ಹೊತ್ತಿಗೆ ಒಲೆ ಆರಿರುತ್ತದೆ, ಮಾಡಿದವಳು ಮುಖ ತೊಳೆದು ಅವರ ನಡುವೆ ಕುರ್ಚಿಯ ಮೇಲೆ ಕೂತಿರುತ್ತಾಳೆ. ನಾನು ನನ್ನ ಕೈಯ ಅಡುಗೆಯನ್ನು ನನ್ನ ಸ್ನೇಹಿತರ ಜೊತೆಗೆ, ಅವರ ಹೊತ್ತಿಗೇ ತಿಂದದ್ದು ಮೊದಲಿಗೆ ಈ ಸಿಹಿಯಿಂದ. ಅಮ್ಮಿಯೂ ಹಾಗೆಯೇ. ಸೋಫಾದ ಮೇಲೆ ಅಳಿಯನ ಪಕ್ಕದಲ್ಲಿ ಕೂತು, ಎಲ್ಲರಿಗಿಂತ ಮೊದಲು ತಟ್ಟೆ ಹಿಡಿಯುವುದಕ್ಕೆ ಅವರು ಮೊದಮೊದಲು ಎಷ್ಟು ನಾಚಿದರೆಂದರೆ, "ಮಕ್ಕಳಿಗೆ ಕೊಡು ಮೊದಲು" ಎಂದು ತಟ್ಟೆಯನ್ನು ಮೂರು ಸಲ ಹಿಂದಕ್ಕೆ ಕಳಿಸಿದರು. ಈಗ ಕಳಿಸುವುದಿಲ್ಲ. ತುಂಡು ಸಣ್ಣದಾಯಿತೆಂದು ಜಗಳವಾಡುತ್ತಾರೆ. ಆ ಜಗಳ ಕೇಳಲು ನನಗೆ ಸಂತೋಷ.

"ಇಷ್ಟು ಚೆನ್ನಾಗಿ ಮಾಡುತ್ತೀಯ, ಮಾರಬಾರದೇ?" ಎಂದು ಬಹಳ ಜನ ಹೇಳಿದ್ದಾರೆ. ಮಾರುವುದರಲ್ಲಿ ಏನೂ ಕಡಿಮೆಯಿಲ್ಲ. 2020ರ ಲಾಕ್‌ಡೌನಿನಲ್ಲಿ ನನ್ನ ಚಾಚಾನ ಮಗಳ ಗಂಡನ ಅಂಗಡಿ ಮುಚ್ಚಿತು. ಅವಳು ನನ್ನಿಂದ ಕೇಕು ಕಲಿತು, ಆಹಾರ ಸುರಕ್ಷತೆಯವರಲ್ಲಿ ನೋಂದಣಿ ಮಾಡಿಸಿ, ಮನೆಯಿಂದಲೇ ಮಾರತೊಡಗಿದಳು. ಇಂದು ಎರಡು ಮಕ್ಕಳ ಶಾಲೆಯ ಶುಲ್ಕ ಆ ಓವನ್ನಿನಿಂದಲೇ ಹೊರಡುತ್ತದೆ. ಹಿಂದೆ ದಿನವಿಡೀ ದುಡಿದರೂ 'ಮನೆಯಲ್ಲೇ ಇರುತ್ತಾಳೆ' ಎಂದು ಅವಳ ಬಗ್ಗೆ ಹೇಳುತ್ತಿದ್ದವರು ಈಗ, 'ಇವತ್ತು ಬಿಡುವಿದೆಯಾ?' ಎಂದು ಕೇಳಿ ಬರುತ್ತಾರೆ. ಕೈಗೆ ದುಡ್ಡು ಬಂದ ಮೇಲೆ ಅವಳ ದಣಿವು ಉಳಿದವರ ಕಣ್ಣಿಗೆ ಬಿತ್ತು. ಪಶ್ಚಿಮ ಆಫ್ರಿಕಾದಲ್ಲಿ ಗಿಡಗಳಿಗೆ ರೋಗ ತಗುಲಿ, ಹವಾಮಾನ ಕೆಟ್ಟು, 2024ರಲ್ಲಿ ಕೊಕ್ಕೋ ಬೆಲೆ ಟನ್ನಿಗೆ 10,000 ಡಾಲರ್ ದಾಟಿದಾಗ ಅವಳ ಲೆಕ್ಕವೆಲ್ಲ ಏರುಪೇರಾಯಿತು. ಅದೇ ವರ್ಷ ಪುತ್ತೂರಿನ ಗೆಳತಿಯ ತಂದೆ, ಗಿಡ ಕಡಿಯದೆ ಇದ್ದದ್ದು ಒಳ್ಳೆಯದಾಯಿತು ಎಂದು ಫೋನಿನಲ್ಲಿ ನಕ್ಕರು. ಒಂದೇ ಬೆಲೆ ಒಂದು ಮನೆಗೆ ಚಿಂತೆ, ಇನ್ನೊಂದು ಮನೆಗೆ ಸಮಾಧಾನ.

ಆ ತಂಗಿಯೇ ಒಂದು ದಿನ ಹೇಳಿದಳು: "ಆಪಾ, ನನಗೆ ಕೇಕಿನ ಮೇಲೆ ಬರೆಯುವ ಹೆಸರು ಗೊತ್ತಿರುತ್ತದೆ, ತಿನ್ನುವವರ ಮುಖ ಗೊತ್ತಿರುವುದಿಲ್ಲ. ನಿನಗೆ ಮುಖ ಗೊತ್ತಿರುತ್ತದೆ." ನಾನು ಮಾರದಿರುವುದಕ್ಕೆ ಕಾರಣ ಇಷ್ಟೇ. ಸಂಬಳ ತರುವ ಗಂಡ ನನಗಿದ್ದಾನೆ, ಆದ್ದರಿಂದ ಈ ಕಾರಣ ಇಟ್ಟುಕೊಳ್ಳುವ ಅನುಕೂಲವೂ ನನಗಿದೆ. ಅವಳಿಗೆ ಆ ಅನುಕೂಲ ಇರಲಿಲ್ಲ. ಅಂಗಡಿಯ ಸಿಹಿ ಎಲ್ಲರಿಗೂ ಒಂದೇ ಅಳತೆಯದಾಗಿರಬೇಕು, ಅದೇ ಅದರ ಧರ್ಮ. ಮನೆಯ ಸಿಹಿಯಲ್ಲಿ ಒಬ್ಬರಿಗೆ ಮೊಸರು, ಒಬ್ಬರಿಗೆ ಕಾಫಿ, ಒಬ್ಬರಿಗೆ ಕಹಿ. ಹಿರಿಯರ ಅಳತೆ ಇಲ್ಲದ ತಿನಿಸಿಗೆ ತಿನ್ನುವವರೇ ಅಳತೆ ಕೊಟ್ಟರು.

ಈಗ ಇನ್ನೊಂದು ವಿಚಿತ್ರ ನಡೆಯುತ್ತಿದೆ. ಮಗಳು ಮೈಸೂರಿನಲ್ಲಿ ಓದುತ್ತಿದ್ದಾಳೆ. ಮೂವರು ಗೆಳತಿಯರ ಜೊತೆ ಬಾಡಿಗೆ ಮನೆ. ಅಲ್ಲೂ ಒಂದು ಕುಕ್ಕರು, ಒಂದಿಷ್ಟು ಉಪ್ಪು. ಹೋದ ತಿಂಗಳು ಫೋನು ಮಾಡಿ, "ಅಮ್ಮೀ, ನಾನು ಮಾಡಿದ್ದು ನಿನ್ನ ಕೇಕಿನ ಹಾಗೆ ಬರಲಿಲ್ಲ. ಸರಿಯಾದ ಅಳತೆ ಹೇಳು" ಎಂದಳು. ನನಗೆ ಒಂದು ಕ್ಷಣ ಭಯವಾಯಿತು. ಹಿರಿಯರಿಲ್ಲದ ತಿನಿಸಿಗೆ ನಾನೇ ಹಿರಿಯಳಾಗಿಬಿಟ್ಟೆನಲ್ಲ! ಇನ್ನು ಅವಳ ಮನೆಯಲ್ಲಿ ಯಾರಾದರೂ ಕಣ್ಣು ಮುಚ್ಚಿ, "ಚೆನ್ನಾಗಿದೆ, ಆದರೆ..." ಎನ್ನುವ ದಿನ ದೂರವಿಲ್ಲ.

"ಅಳತೆ ಆಮೇಲೆ. ಮೊದಲು ತಿನ್ನುವವರು ಯಾರು ಹೇಳು" ಎಂದೆ.

ಅವಳು ಹೇಳತೊಡಗಿದಳು. ಒಬ್ಬಳಿಗೆ ಮೊಟ್ಟೆ ಆಗದು. ಇನ್ನೊಬ್ಬಳಿಗೆ ಹಾಲು ಒಗ್ಗದು. ಮೂರನೆಯವಳು ಪರೀಕ್ಷೆ ಮುಗಿಯುವವರೆಗೆ ಸಿಹಿ ತಿನ್ನುವುದಿಲ್ಲವೆಂದು ಹರಕೆ ಹೊತ್ತಿದ್ದಾಳೆ, ಪರೀಕ್ಷೆ ಶುಕ್ರವಾರ ಮುಗಿಯುತ್ತದೆ. ಹಾಗಾದರೆ ಶನಿವಾರ ಮಾಡು ಎಂದೆ. ನೋಟು ಪುಸ್ತಕ ತೆಗೆದು ನಡುವಿನ ಖಾಲಿ ಹಾಳೆಯಲ್ಲಿ ಆ ಮೂವರಿಗೆ ಹೊಂದುವ ಕೇಕೊಂದನ್ನು ಬರೆಯತೊಡಗಿದೆ. ಮೈದಾ, ಎಣ್ಣೆ, ನೀರು, ವಿನೆಗರ್, ಕೊಕ್ಕೋ. ಸಕ್ಕರೆಯ ಮುಂದೆ ಮಾತ್ರ ಏನೂ ಬರೆಯಲಿಲ್ಲ. ಅದನ್ನು ಅವಳೇ ಅವರನ್ನು ಕೇಳಿ ತುಂಬಿಕೊಳ್ಳಲಿ.